ಮಹಾಮಾರಿಯೂ ಹೃದಯಾಘಾತವೂ

2020ನೆಯ ಇಸವಿಯ ಮಾರ್ಚ್ 25ರಿಂದ ದೇಶಾದ್ಯಂತ ಸಂಚಾರವು ನಿಂತಾಗ, ಕರೋನಾ ಪೀಡಿತರ ಲೆಕ್ಕವು ದಿನದಿನವೂ ಪ್ರಕಟವಾಗುತ್ತಿದ್ದಿತು. ಅದೇ ಕಾಲದಲ್ಲಿ ಹೃದಯಾಘಾತವಾಗಿ ಆಸ್ಪತ್ರೆ ಸೇರಿದವರ ಸಂಖ್ಯೆಯು ಹಿಂದಿನ ವರ್ಷಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಇಳಿದಿದ್ದಿತೆಂಬುದು ಭಾರತೀಯ ಹೃದ್ರೋಗ ತಜ್ಞರ ಸಂಘದವರ ಗಣನೆಯಿಂದ ತಿಳಿದುಬಂದಿತು. ರೋಗವೇ ಕಡಮೆಯಾಯಿತೆಂದು ಹಿಗ್ಗುವಂತಿರಲಿಲ್ಲ. ಸೋಂಕಿನ ಭಯದಿಂದಲೂ ವಾಹನದ ಅಭಾವದಿಂದಲೂ ಅನೇಕರು ಮನೆಯಲ್ಲಿಯೇ ಉಳಿದರೆಂದು ತಿಳಿಯುವುದೇ ಯುಕ್ತವು.

ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯಂಥ ಊರಿನವರಿಗೆ ಇದರ ಅರ್ಥವೇನು? ಮಲೆನಾಡಿನ ಒಂಟಿಮನೆಯಲ್ಲಿ ಎದೆ ಬಿಗಿದಾಗ ಮೊದಲು ನೆನಪಾಗುವುದು ಜೀರಿಗೆ ಕಷಾಯ. 'ವಾಯು, ಇಳಿದೀತು' ಎಂಬ ಸಮಾಧಾನ. ಮುಚ್ಚಿದ ರಕ್ತನಾಳವನ್ನು ಬಲೂನಿನಿಂದ ತೆರೆಯಿಸಬೇಕಾದರೆ ಘಟ್ಟವಿಳಿದು ಮಣಿಪಾಲಕ್ಕೋ ಮಂಗಳೂರಿಗೋ, ಇಲ್ಲವೆ ಶಿವಮೊಗ್ಗಕ್ಕೋ ಹೋಗಬೇಕು. ಮಳೆಗಾಲದ ಆ ದಾರಿಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾದುದಿಲ್ಲ. ಮಹಾಮಾರಿಯ ವರ್ಷದಲ್ಲಿ ಅದರ ಮೇಲೆ ಜಿಲ್ಲೆಯ ಗಡಿಯ ತಪಾಸಣೆ, ಆಸ್ಪತ್ರೆಯ ಬಾಗಿಲಲ್ಲಿ ಸೋಂಕಿನ ಪರೀಕ್ಷೆ, ವೈದ್ಯರು ರಕ್ಷಾಕವಚ ತೊಡುವ ವಿಳಂಬ.

ರಕ್ತವು ಹೆಪ್ಪುಗಟ್ಟಿ ನಾಳವನ್ನು ಮುಚ್ಚಿತೆಂದರೆ ಹೃದಯದ ಸ್ನಾಯುವು ಸಾಯತೊಡಗುತ್ತದೆ. ಎರಡು ಗಂಟೆಯೊಳಗೆ ಬಲೂನಿನ ಚಿಕಿತ್ಸೆ ದೊರೆಯುವುದಾದರೆ ಅದೇ ಉತ್ತಮ. ದೊರೆಯದಿದ್ದರೆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಹತ್ತಿರದ ಆಸ್ಪತ್ರೆಯಲ್ಲಿಯೇ ಕೊಟ್ಟು, ಬಳಿಕ ರೋಗಿಯನ್ನು ಸಾಗಿಸಬೇಕು. ಸೋಂಕಿನ ಕಾಲದಲ್ಲಿ ಚೀನದ ವೈದ್ಯರು ಚುಚ್ಚುಮದ್ದಿಗೆ ಪ್ರಾಶಸ್ತ್ಯವಿತ್ತರು. ಅಮೆರಿಕದವರು ಬಲೂನನ್ನು ಬಿಡಲೊಪ್ಪಲಿಲ್ಲ. ಆ ವಾದವು ಪಂಡಿತರಿಗಿರಲಿ. ಅಡ್ಡಗದ್ದೆಯವರಿಗೆ ಮಹಾಮಾರಿಯಿದ್ದರೂ ಇಲ್ಲದಿದ್ದರೂ ಮೊದಲ ಗತಿ ಚುಚ್ಚುಮದ್ದೇ. ಟೆನೆಕ್ಟೆಪ್ಲೇಸ್ ಎಂಬ ಔಷಧವನ್ನು ರೋಗಿಯ ತೂಕ ನೋಡಿ ಒಂದೇ ಬಾರಿಗೆ ಕೊಡಬಹುದು. ಆದರೆ ಹಿಂದೆ ಮಿದುಳಿನಲ್ಲಿ ರಕ್ತಸ್ರಾವವಾದವರಿಗೆ ಅದನ್ನು ಕೊಡಕೂಡದು. ಕರೋನಾ ಸೋಂಕು ಹೃದಯದ ಸ್ನಾಯುವನ್ನು ಕೆರಳಿಸಿ ಇ.ಸಿ.ಜಿ.ಯಲ್ಲಿ ಆಘಾತದ ವೇಷ ಹಾಕುವುದೂ ಉಂಟು. ಆದಕಾರಣ ಔಷಧದೊಡನೆ ಇ.ಸಿ.ಜಿ.ಯನ್ನು ಓದಬಲ್ಲ ಕಣ್ಣೂ ಬೇಕು.

ಆ ಕಣ್ಣನ್ನು ದೂರದಿಂದಲೇ ಒದಗಿಸಬಹುದೆಂಬುದನ್ನು ಮಂಗಳೂರಿನ ಹೃದ್ರೋಗ ತಜ್ಞರಾದ ಡಾಕ್ಟರ್ ಪದ್ಮನಾಭ ಕಾಮತರು ತೋರಿಸಿಕೊಟ್ಟಿದ್ದಾರೆ. ಮಹಾಮಾರಿಗೆ ಮೊದಲೇ ಅವರು ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಕೊಡಿಸಿ, ಅಲ್ಲಿನ ವೈದ್ಯರಿಗೆ ವಾಟ್ಸಾಪ್ ಮೂಲಕ ಸಲಹೆಯೀಯತೊಡಗಿದರು. 2021ರಲ್ಲಿ ಅಕಾಲಮೃತ್ಯುವಿಗೀಡಾದ ಪುನೀತ್ ರಾಜ್‌ಕುಮಾರರ ಹೆಸರಿನಲ್ಲಿ ಸರಕಾರದವರು ಆರಂಭಿಸಿದ 'ಹೃದಯ ಜ್ಯೋತಿ' ಯೋಜನೆಯೂ ಇದೇ ಹಾದಿಯದು: ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತ ಚುಚ್ಚುಮದ್ದು, ಜಯದೇವದಂಥ ಸಂಸ್ಥೆಯ ತಜ್ಞರಿಂದ ಸಲಹೆ.

ನಾವು ಕೇಳುವುದು ಇಷ್ಟೆ. ಆ ಮದ್ದು ಶೃಂಗೇರಿಯಲ್ಲಿ ನಡುರಾತ್ರಿಯಲ್ಲಿಯೂ ದೊರೆಯಲಿ. ಅದನ್ನು ಕೊಡಬಲ್ಲ ವೈದ್ಯರು ಅಲ್ಲಿರಲಿ. ಅಡ್ಡಗದ್ದೆಯಿಂದ ಅಲ್ಲಿಗೆ ರೋಗಿಯನ್ನು ಒಯ್ಯುವ ಗಾಡಿಯನ್ನು, ಇನ್ನೊಂದು ಸೋಂಕು ಬಂದರೂ, ಬೇರೆ ಕೆಲಸಕ್ಕೆ ಕಳುಹಿಸದಿರಲಿ.