ಶಾಲೆಯ ಗೋಡೆಯ ಮೇಲೊಂದು ಕೀರ್ತಿಮಂದಿರ

ಪರೀಕ್ಷೆಯಲ್ಲಿ ಮೊದಲನೆಯ ಸ್ಥಾನ ಪಡೆದ ವಿದ್ಯಾರ್ಥಿಯ ಹೆಸರು ಶಾಲೆಯ ಗೋಡೆಯ ಮೇಲೆ, ಕರಿಯ ಹಲಗೆಯಲ್ಲಿ, ಹೊಂಬಣ್ಣದ ಅಕ್ಷರಗಳಲ್ಲಿ ನಿಲ್ಲುತ್ತದೆ. ಮುಖ್ಯೋಪಾಧ್ಯಾಯರ ಕೊಠಡಿಯ ಬಾಗಿಲ ಬಳಿ ಇಂಥದೊಂದು ಫಲಕ ತೂಗುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಆದರೆ ಅದೇ ಶಾಲೆಯ ಪರವಾಗಿ ಜಿಲ್ಲಾ ಮಟ್ಟದಲ್ಲಿ ಓಡಿದ ಹುಡುಗಿಯ ಹೆಸರು ಎಲ್ಲಿದೆ? ಅವಳು ಗೆದ್ದು ತಂದ ಬಟ್ಟಲು ಗಾಜಿನ ಬೀರುವಿನಲ್ಲಿ ಇದ್ದೀತು. ಅದರ ಮೇಲೆ ಪಂದ್ಯದ ಹೆಸರಿರುತ್ತದೆ, ವರ್ಷವಿರುತ್ತದೆ. ಅವಳ ಹೆಸರು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಅವಳಿಗೆ ಓಡುವುದನ್ನು ಕಲಿಸಿದ ಡ್ರಿಲ್ ಮೇಷ್ಟರ ಹೆಸರಂತೂ ದೂರವೇ ಉಳಿಯಿತು.

ಪ್ರೌಢಶಾಲೆಯ ಆಟಗಾರರನ್ನೂ ಅವರ ಶಿಕ್ಷಕರನ್ನೂ ನೆನಪಿನಲ್ಲಿಡುವ ಬಗೆ ಹೇಗೆ ಎಂಬುದು ಈ ಹೊತ್ತಿನ ನನ್ನ ವಿಷಯ. ಇದು ಬರಿಯ ಸನ್ಮಾನದ ಪ್ರಶ್ನೆಯಲ್ಲ. ಒಂದು ಊರು ಯಾರನ್ನು ನೆನೆಯುತ್ತದೆ ಎಂಬುದರ ಮೇಲೆ ಅದರ ಮಕ್ಕಳು ಏನಾಗಬಯಸುತ್ತಾರೆ ಎಂಬುದೂ ನಿಂತಿದೆ.

ಪಶ್ಚಿಮದ ದೇಶಗಳಲ್ಲಿ ಇದಕ್ಕೆಂದು ಒಂದು ಸಂಸ್ಥೆಯೇ ಬೆಳೆದಿದೆ. ‘ಹಾಲ್ ಆಫ್ ಫೇಮ್’ ಎಂದು ಅದರ ಹೆಸರು; ನಾವು ಕೀರ್ತಿಮಂದಿರ ಎನ್ನೋಣ. ಜರ್ಮನಿಯ ಬವೇರಿಯಾದಲ್ಲಿ 1842ರಲ್ಲಿ ತೆರೆದ ವಾಲ್ಹಾಲಾ ಎಂಬ ಭವನ ಕವಿಗಳು, ವಿಜ್ಞಾನಿಗಳು, ಸೇನಾನಿಗಳು ಮೊದಲಾದವರ ಪ್ರತಿಮೆಗಳಿಗೆ ಮೀಸಲಾಗಿತ್ತು. ಆ ಕಲ್ಪನೆಯನ್ನು ಆಟದ ಬಯಲಿಗೆ ತಂದು ಜನಪ್ರಿಯಗೊಳಿಸಿದವರು ಅಮೆರಿಕದವರು. ಅಲ್ಲಿನ ಬೇಸ್‌ಬಾಲ್ ಆಟದ ಕೀರ್ತಿಮಂದಿರಕ್ಕೆ 1936ರಲ್ಲಿ ಮೊದಲ ಐವರು ಆಯ್ಕೆಯಾದರು. 1939ರಲ್ಲಿ ಕೂಪರ್ಸ್‌ಟೌನ್ ಎಂಬ ಪುಟ್ಟ ಊರಿನಲ್ಲಿ ಅದರ ಕಟ್ಟಡ ತೆರೆಯಿತು. ಪ್ರವೇಶದ ನಿಯಮಗಳು ಬಿಗಿಯಾದವು. ಆಟಗಾರ ಹತ್ತು ಋತುಗಳಾದರೂ ಆಡಿರಬೇಕು. ನಿವೃತ್ತನಾಗಿ ಐದು ವರ್ಷ ಕಳೆದಿರಬೇಕು. ಮತ ನೀಡುವ ಪತ್ರಕರ್ತರಲ್ಲಿ ನೂರಕ್ಕೆ ಎಪ್ಪತ್ತೈದು ಮಂದಿ ಒಪ್ಪಿರಬೇಕು. ಈ ಐದು ವರ್ಷದ ಕಾಯುವಿಕೆಯಲ್ಲಿ ವಿವೇಕವಿದೆ. ಚಪ್ಪಾಳೆಯ ಸದ್ದು ಅಡಗಿದ ಮೇಲೂ ಯಾರ ಹೆಸರು ಉಳಿಯುತ್ತದೆಯೋ ಅವರಿಗೆ ಮಾತ್ರ ಬಾಗಿಲು ತೆರೆಯುತ್ತದೆ.

ಕ್ರಿಕೆಟ್ಟಿಗೂ ಇಂಥದೊಂದು ಮಂದಿರವನ್ನು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಲಿ 2009ರಲ್ಲಿ ಏರ್ಪಡಿಸಿತು. ನಮ್ಮ ಅನಿಲ್ ಕುಂಬ್ಳೆ 2015ರಲ್ಲಿ, ರಾಹುಲ್ ದ್ರಾವಿಡ್ 2018ರಲ್ಲಿ ಅದನ್ನು ಸೇರಿದರು. ಇಬ್ಬರೂ ಬೆಂಗಳೂರಿನ ಶಾಲೆಗಳಲ್ಲಿ ಓದಿದವರೇ. ಆದರೆ ನನ್ನ ಮಾತಿಗೆ ಹೆಚ್ಚು ಹತ್ತಿರವಾದುದು ಬೇರೊಂದು. ಅಮೆರಿಕದ ಪ್ರೌಢಶಾಲಾ ಸಂಘಗಳ ರಾಷ್ಟ್ರೀಯ ಒಕ್ಕೂಟ 1982ರಲ್ಲಿ ಪ್ರೌಢಶಾಲೆಗಳಿಗೇ ಮೀಸಲಾದ ಕೀರ್ತಿಮಂದಿರವನ್ನು ಸ್ಥಾಪಿಸಿತು. ಅಲ್ಲಿ ಆಟಗಾರರ ಜೊತೆಗೆ ತರಬೇತುದಾರರಿಗೂ, ಪಂದ್ಯದ ತೀರ್ಪುಗಾರರಿಗೂ, ಆಡಳಿತ ನಡೆಸಿದವರಿಗೂ ಸ್ಥಾನವುಂಟು. ಸಣ್ಣ ಸಣ್ಣ ಊರುಗಳ ಶಾಲೆಗಳೂ ತಮ್ಮ ಮಟ್ಟಿಗೆ ಇಂಥ ಗೋಡೆಗಳನ್ನು ಕಟ್ಟಿಕೊಂಡಿವೆ. ವರ್ಷಕ್ಕೊಂದು ದಿನ ಹಳೆಯ ಆಟಗಾರರನ್ನೂ ಅವರ ಶಿಕ್ಷಕರನ್ನೂ ಕರೆದು, ಊರವರ ಮುಂದೆ ನಿಲ್ಲಿಸಿ, ಗೌರವಿಸುತ್ತಾರೆ. ಲೋಕವಿಖ್ಯಾತಿಯನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಈ ಶಾಲೆಗೆ ನೀನೇನು ಕೊಟ್ಟೆ ಎಂಬುದೊಂದೇ ಪ್ರಶ್ನೆ.

ಹಾಗೆಂದು ಇದು ನಮಗೆ ತೀರ ಹೊಸದೆಂದು ತಿಳಿಯಬೇಕಾಗಿಲ್ಲ. ವೀರನ ಹೆಸರನ್ನು ಕಲ್ಲಿನಲ್ಲಿ ಬರೆದು ಊರ ಮುಂದೆ ನಿಲ್ಲಿಸಿದ ನಾಡು ನಮ್ಮದು. ಕರ್ನಾಟಕದ ವೀರಗಲ್ಲುಗಳಲ್ಲಿ ಅರಸರಿಗಿಂತ ಸಾಮಾನ್ಯರೇ ಹೆಚ್ಚು: ತುರು ಕಾದವರು, ಊರು ಕಾದವರು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಕ್ರಿಸ್ತಶಕ 949ರ ಸುಮಾರಿನ ಕಲ್ಲು ಒಂದು ನಾಯಿಯ ನೆನಪಿಗೆ ನಿಂತದ್ದು. ಕಾಳಿ ಎಂಬ ಆ ಬೇಟೆನಾಯಿ ಹಂದಿಯೊಡನೆ ಹೋರಾಡಿ ಮಡಿಯಿತು. ಅದರ ಒಡೆಯ ಮಣಲೆರ ಕಲ್ಲು ನಿಲ್ಲಿಸಿದ. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನನ್ನ ಮನಸ್ಸಿಗೆ ನಾಟುವ ಸಂಗತಿಯೆಂದರೆ, ಕಲ್ಲು ನೆಟ್ಟು ಕೈತೊಳೆದುಕೊಳ್ಳದೆ, ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟಿದ್ದರು. ಗೌರವವೆಂಬುದು ಒಂದು ದಿನದ ಹಾರವಲ್ಲ, ನಿತ್ಯದ ನಿರ್ವಹಣೆ ಎಂದು ಸಾವಿರ ವರ್ಷಗಳ ಹಿಂದೆಯೇ ನಮ್ಮವರಿಗೆ ತಿಳಿದಿತ್ತು.

ಇಂದಿನ ನಮ್ಮ ಪ್ರಶಸ್ತಿಗಳತ್ತ ನೋಡೋಣ. ಆಟಗಾರರಿಗೆ ಅರ್ಜುನ ಪ್ರಶಸ್ತಿ 1961ರಲ್ಲಿ ಆರಂಭವಾಯಿತು. ತರಬೇತುದಾರರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬರಲು 1985ರವರೆಗೆ ಕಾಯಬೇಕಾಯಿತು. ಶಿಷ್ಯರಿಗೂ ಗುರುಗಳಿಗೂ ನಡುವೆ ಇಪ್ಪತ್ತನಾಲ್ಕು ವರ್ಷಗಳ ಅಂತರ! ಮೊದಲ ವರ್ಷ ಅದನ್ನು ಪಡೆದವರಲ್ಲಿ ಪಿ.ಟಿ. ಉಷಾ ಅವರ ಗುರು ಓ.ಎಂ. ನಂಬಿಯಾರ್ ಒಬ್ಬರು. ಕೇರಳ ಸರ್ಕಾರ 1976ರಲ್ಲಿ ಕಣ್ಣೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ತೆರೆದ ಕ್ರೀಡಾಶಾಲೆಯಲ್ಲಿ ಆ ಬಾಲಕಿ ಅವರ ಕೈಗೆ ಬಂದಳು. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗದಿಂದ ಅವಳಿಗೆ ಕಂಚು ತಪ್ಪಿದ್ದು ದೇಶಕ್ಕೆಲ್ಲ ಗೊತ್ತು. ಗುರುವಿಗೆ ಪದ್ಮಶ್ರೀ ಘೋಷಣೆಯಾದದ್ದು 2021ರಲ್ಲಿ; ಅದೇ ವರ್ಷ ಆಗಸ್ಟಿನಲ್ಲಿ ಅವರು ತೀರಿಕೊಂಡರು.

ನಮ್ಮ ರಾಜ್ಯದ ಗುರುಗಳಿಗೂ ಈ ಮನ್ನಣೆ ದೊರೆತಿದೆ. ಅಥ್ಲೆಟಿಕ್ಸ್‌ನ ಎನ್. ಲಿಂಗಪ್ಪನವರಿಗೆ 2014ರಲ್ಲಿ, ವಿ.ಆರ್. ಬೀಡು ಅವರಿಗೆ 2018ರಲ್ಲಿ ಜೀವಮಾನದ ಸಾಧನೆಗಾಗಿ ದ್ರೋಣಾಚಾರ್ಯ ಪ್ರಶಸ್ತಿ ಬಂದಿತು. ಈಜಿನಲ್ಲಿ ನಿಹಾರ್ ಅಮೀನ್ 2015ರಲ್ಲಿ, ಎಸ್. ಪ್ರದೀಪ್ ಕುಮಾರ್ 2016ರಲ್ಲಿ ಅದನ್ನು ಪಡೆದರು. ಕರ್ನಾಟಕ ಸರ್ಕಾರ ತನ್ನ ಆಟಗಾರರಿಗೆ ಕೊಡುವ ಪ್ರಶಸ್ತಿಗೆ ಏಕಲವ್ಯನ ಹೆಸರಿಟ್ಟಿದೆ.

ಅರ್ಜುನ, ದ್ರೋಣ, ಏಕಲವ್ಯ! ಒಂದೇ ಕಥೆಯ ಮೂವರೂ ನಮ್ಮ ಪ್ರಶಸ್ತಿಗಳಾಗಿದ್ದಾರೆ. ಆ ಕಥೆಯಾದರೂ ಎಂಥದು? ಮಣ್ಣಿನ ಬೊಂಬೆಯನ್ನೇ ಗುರುವೆಂದು ಬಗೆದು ಕಲಿತ ಹುಡುಗನೊಬ್ಬ ಹೆಬ್ಬೆರಳನ್ನು ಕೊಟ್ಟು ಮರೆಗೆ ಸರಿದ. ಅರಮನೆಯ ಹುಡುಗ ಹೆಸರಾದ. ಏಕಲವ್ಯನ ಹೆಸರಿನಲ್ಲಿ ಗೌರವಿಸುವುದು ಒಂದು ಬಗೆಯಲ್ಲಿ ಆ ಹಳೆಯ ಅನ್ಯಾಯಕ್ಕೆ ತಡವಾಗಿ ಸಂದ ಪ್ರಾಯಶ್ಚಿತ್ತ. ಆದರೆ ನಮ್ಮ ಕಾಲದಲ್ಲಿ ಕಥೆ ಕೊಂಚ ತಿರುಗಿದೆ. ಇಂದು ಮರೆಗೆ ಸರಿಯುವವನು ಶಿಷ್ಯನಲ್ಲ, ಅವನ ಮೊದಲ ಗುರು. ಐದು ಅಥವಾ ಆರನೆಯ ತರಗತಿಯಲ್ಲಿ, ಎಲ್ಲ ಮಕ್ಕಳ ನಡುವೆ, ಇವನ ಕಾಲಿನಲ್ಲಿ ಏನೋ ಇದೆ ಎಂದು ಗುರುತಿಸಿದವರು ಡ್ರಿಲ್ ಮೇಷ್ಟರು. ಮುಂದೆ ಹುಡುಗ ಕ್ರೀಡಾ ವಸತಿನಿಲಯಕ್ಕೆ ಹೋಗುತ್ತಾನೆ, ಅಲ್ಲಿಂದ ದೊಡ್ಡ ಶಿಬಿರಕ್ಕೆ ಹೋಗುತ್ತಾನೆ. ಪದಕ ಬಂದಾಗ ಪ್ರಶಸ್ತಿಯ ಅರ್ಜಿಯಲ್ಲಿ ಕಾಣುವುದು ಕೊನೆಯ ಮೆಟ್ಟಿಲಿನ ತರಬೇತುದಾರರ ಹೆಸರು. ಅದು ತಪ್ಪಲ್ಲ, ಆದರೆ ಅದಷ್ಟೇ ಪೂರ್ಣವೂ ಅಲ್ಲ. ಗೋಪುರದ ಕಳಸಕ್ಕೆ ಕೈಮುಗಿಯುವವರು ಅಡಿಗಲ್ಲನ್ನು ಮರೆಯಬಾರದು.

ನಾನಿರುವುದು ಬೆಂಗಳೂರಿನ ಪಶ್ಚಿಮ ಭಾಗದಲ್ಲಿ. ಈ ಮಾತಿನ ಎರಡು ತುದಿಗಳೂ ಇಲ್ಲಿ ಒಟ್ಟಿಗೆ ಕಾಣುತ್ತವೆ. ಮೈಸೂರು ರಸ್ತೆಯಲ್ಲಿ ಕೆಂಗೇರಿಗೆ ಹೋಗುವಾಗ ಜ್ಞಾನಭಾರತಿಯ ಆವರಣದಲ್ಲಿ ಭಾರತ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ಸಾಂಕ್ರಾಮಿಕದ ದಿನಗಳಲ್ಲಿ ನಮ್ಮ ಹಾಕಿ ತಂಡಗಳು ತಿಂಗಳುಗಟ್ಟಲೆ ಅಲ್ಲಿಯೇ ಉಳಿದು ಅಭ್ಯಾಸ ನಡೆಸಿದವು. 2021ರ ಆಗಸ್ಟ್ 5ರಂದು ಟೋಕಿಯೋದಲ್ಲಿ ಪುರುಷರ ತಂಡ ಜರ್ಮನಿಯನ್ನು 5–4ರಿಂದ ಸೋಲಿಸಿ, ನಲವತ್ತೊಂದು ವರ್ಷಗಳ ಬಳಿಕ ಒಲಿಂಪಿಕ್ ಪದಕ ತಂದಿತು. ಮಹಿಳೆಯರ ತಂಡ ನಾಲ್ಕನೆಯದಾಯಿತು. ಇದು ಒಂದು ತುದಿ.

ಇನ್ನೊಂದು ತುದಿಗೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಅಡ್ಡರಸ್ತೆಗಳಲ್ಲಿ ನಡೆಯಬೇಕು. ಮೂರು ನಾಲ್ಕು ಅಂತಸ್ತಿನ ಶಾಲೆಗಳು; ಅಂಗಳವೆಂದರೆ ವಾಹನ ನಿಲ್ಲುವಷ್ಟು ಜಾಗ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಆಟದ ಬಯಲು ಬೇಕೆಂದು ಹೇಳುತ್ತದೆ. ನಿವೇಶನದ ಬೆಲೆ ಬೇರೆಯ ಮಾತು ಹೇಳುತ್ತದೆ. ಇಂಥ ಕಡೆಗಳಲ್ಲಿ ದೈಹಿಕ ಶಿಕ್ಷಣದ ಶಿಕ್ಷಕರು ಬೆಳಗಿನ ಜಾವ ಮಕ್ಕಳನ್ನು ಪಾಲಿಕೆಯ ಮೈದಾನಕ್ಕೆ ಕರೆದೊಯ್ಯುತ್ತಾರೆ. ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಾರೆ. ವಲಯ ಮಟ್ಟದಿಂದ ಜಿಲ್ಲೆಗೆ, ಜಿಲ್ಲೆಯಿಂದ ವಿಭಾಗಕ್ಕೆ, ವಿಭಾಗದಿಂದ ರಾಜ್ಯಕ್ಕೆ ಏರುವ ಶಾಲಾ ಕ್ರೀಡಾಕೂಟದ ಮೆಟ್ಟಿಲುಗಳನ್ನು ಮಕ್ಕಳ ಕೈಹಿಡಿದು ಹತ್ತಿಸುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ಇವರ ಪಿರಿಯಡ್ಡನ್ನೇ ಗಣಿತಕ್ಕೆ ಬಿಟ್ಟುಕೊಡಬೇಕೆಂಬುದು ಅಲಿಖಿತ ನಿಯಮ.

ಅನುಕೂಲವಿಲ್ಲದೆಡೆಯಿಂದ ದೊಡ್ಡ ಆಟಗಾರರು ಹುಟ್ಟಲಾರರೆಂದು ಹೇಳುವಂತಿಲ್ಲ. ರಾಜಾಜಿನಗರದ ಮಗ್ಗುಲಿನ ಮಲ್ಲೇಶ್ವರದಲ್ಲಿ ಕೆನರಾ ಯೂನಿಯನ್ನಿನ ಕಲ್ಯಾಣಮಂಟಪವೇ ಪ್ರಕಾಶ್ ಪಡುಕೋಣೆಯವರ ಮೊದಲ ಬ್ಯಾಡ್ಮಿಂಟನ್ ಅಂಕಣ. ಮದುವೆಯಿದ್ದ ದಿನ ಆಟವಿಲ್ಲ. ತಂದೆ ರಮೇಶ ಪಡುಕೋಣೆಯವರೇ ಮೊದಲ ಗುರು. ಆ ಹುಡುಗ 1980ರಲ್ಲಿ ಆಲ್ ಇಂಗ್ಲೆಂಡ್ ಪಂದ್ಯಾವಳಿಯನ್ನು ಗೆದ್ದ. ಅವರಿಗೆ ಮನೆಯಲ್ಲಿಯೇ ಗುರುವಿದ್ದರು. ಮನೆಯಲ್ಲಿ ಗುರುವಿಲ್ಲದ ಮಗುವಿಗೆ ಶಾಲೆಯ ಮೇಷ್ಟರಲ್ಲದೆ ಇನ್ನಾರು ಗತಿ?

ಆದುದರಿಂದ ನನ್ನದೊಂದು ಸಲಹೆ. ಪ್ರತಿಯೊಂದು ಪ್ರೌಢಶಾಲೆಯೂ ರ‍್ಯಾಂಕಿನ ಫಲಕದ ಪಕ್ಕದಲ್ಲಿ ಆಟದ ಫಲಕವೊಂದನ್ನು ತೂಗಲಿ. ಇದಕ್ಕೆ ಅನುದಾನ ಬೇಕಿಲ್ಲ. ಹಲಗೆ, ಬಣ್ಣ, ಅಕ್ಷರ ಬರೆಯುವವನ ಒಂದು ದಿನದ ಕೂಲಿ ಸಾಕು. ನಿಯಮಗಳು ಮಾತ್ರ ಗಟ್ಟಿಯಾಗಿರಲಿ. ಶಾಲೆ ಬಿಟ್ಟು ಐದು ವರ್ಷವಾದ ಮೇಲೆಯೇ ಹೆಸರು ಸೇರಲಿ. ಆಗ ಶಾಲೆಯೊಳಗಿನ ಮಕ್ಕಳನ್ನು ಪೈಪೋಟಿಗೆ ತಳ್ಳಿದಂತಾಗದು. ಆಯ್ಕೆ ಮಾಡುವವರಲ್ಲಿ ಹಳೆಯ ವಿದ್ಯಾರ್ಥಿಗಳೂ ಶಿಕ್ಷಕರೂ ಇರಲಿ. ದೇಣಿಗೆ ಕೊಟ್ಟವರ ಮಕ್ಕಳಿಗೆಂದು ಬಾಗಿಲು ಅಗಲವಾಗದಿರಲಿ. ಕಬಡ್ಡಿ, ಖೊಖೊ ಆಡಿದವರನ್ನು ಕ್ರಿಕೆಟ್ಟಿನವರಿಗಿಂತ ಕೆಳಗೆ ಬರೆಯದಿರಲಿ. ಎಲ್ಲಕ್ಕಿಂತ ಮಿಗಿಲಾಗಿ, ಪ್ರತಿ ಆಟಗಾರನ ಹೆಸರಿನ ಎದುರಿಗೆ ಕಲಿಸಿದವರ ಹೆಸರೂ ಇರಲಿ. ಒಂದೇ ಹೆಸರು ಹತ್ತು ಸಾಲುಗಳಲ್ಲಿ ಮರಳಿ ಮರಳಿ ಬಂದರೆ, ಆ ಮೇಷ್ಟರು ಎಂಥವರೆಂದು ಬೇರೆ ವಿವರಣೆ ಬೇಕಾಗುವುದಿಲ್ಲ.

ಇದರಿಂದ ಒಲಿಂಪಿಕ್ ಪದಕ ಬಂದೀತೆ ಎಂದು ಕೇಳುವವರುಂಟು. ಬರಬಹುದು, ಬಾರದಿರಬಹುದು. ಶಾಲೆಯಲ್ಲಿ ಓಡಿದವರಲ್ಲಿ ಬಹುಪಾಲು ಮಂದಿ ಮುಂದೆ ಗುಮಾಸ್ತರೋ, ದಾದಿಯರೋ, ಚಾಲಕರೋ, ಅಧ್ಯಾಪಕರೋ ಆಗುತ್ತಾರೆ. ಅವರ ಬಾಳಿನಲ್ಲಿ ಒಂದು ಬೆಳಗ್ಗೆ, ನಾನೂರು ಮೀಟರಿನ ಕೊನೆಯ ತಿರುವಿನಲ್ಲಿ, ಊರಿನ ಮಕ್ಕಳಿಗೆಲ್ಲ ಅವರೇ ಮುಂದಿದ್ದರು. ಆ ಬೆಳಗ್ಗೆ ನಿಜವಾಗಿ ನಡೆದದ್ದೆಂದು ಹೇಳಲು ಒಂದು ಸಾಲು ಬರಹ ಬೇಕು. ಹಂದಿಯೊಡನೆ ಹೋರಾಡಿದ ನಾಯಿಗೆ ಕಲ್ಲು ನಿಲ್ಲಿಸಿದ ನಾಡಿಗೆ, ತನ್ನ ಮಕ್ಕಳಿಗೂ ಅವರ ಮೇಷ್ಟರಿಗೂ ಒಂದು ಹಲಗೆ ತೂಗುವುದು ಹೊರೆಯಾಗಬಾರದು.