ನಿಮಗಿದು ಗೊತ್ತೇ? ಗಡಿಯಾರ, ಕಣ್ಣಪ್ಪ, ಕೊಬ್ಬರಿ

ಊರ್ಡಿಗೆರೆ ಸುತ್ತಮುತ್ತಲಿನವರಿಗೆ ದೇವರಾಯನದುರ್ಗವೆಂದರೆ ಯೋಗಾನರಸಿಂಹ, ಭೋಗಾನರಸಿಂಹ, ನಾಮದ ಚಿಲುಮೆ. ಇದೇ ಬೆಟ್ಟದ ಸಾಲಿನಲ್ಲಿ ಹುಟ್ಟುವ ಜಯಮಂಗಲಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ, ಶಿಂಷಾ ಕಾವೇರಿಯನ್ನು ಸೇರುತ್ತದೆ. ಒಂದೇ ಬೆಟ್ಟಕ್ಕೆ ಬಿದ್ದ ಮಳೆ ಒಂದು ಕಡೆ ಆಂಧ್ರದ ಹಾದಿ ಹಿಡಿದರೆ ಇನ್ನೊಂದು ಕಡೆ ತಮಿಳುನಾಡಿನ ಹಾದಿ ಹಿಡಿಯುತ್ತದೆ. ನಮ್ಮ ಭಾಗದ ಕಾರ್ಖಾನೆ, ಸಿನಿಮಾ, ಮಾರುಕಟ್ಟೆಗಳ ಕಥೆಯೂ ಹಾಗೇ. ಹುಟ್ಟಿದ್ದು ಇಲ್ಲಿ, ಹೋಗಿ ಮುಟ್ಟುವುದು ಎಲ್ಲೆಲ್ಲಿಗೋ. ಆ ದಾರಿಯಲ್ಲಿ ಯಾರ ಪಾಲು ಯಾರಿಗೆ ಸಿಕ್ಕಿತು ಎಂಬುದೇ ನನ್ನ ಕುತೂಹಲ.

ಶಿಂಷಾ ಹರಿವಿನ ಜೊತೆಗೇ ಕುಣಿಗಲ್ ತಾಲ್ಲೂಕಿಗೆ ಹೋದರೆ ಮಾರ್ಕೋನಹಳ್ಳಿ ಜಲಾಶಯ ಸಿಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು. ಇಲ್ಲಿರುವುದು ತಾನಾಗಿಯೇ ಕೆಲಸ ಮಾಡುವ ಸೈಫನ್. ನೀರು ತುಂಬುಮಟ್ಟ ದಾಟಿದೊಡನೆ ಬಾಗಿದ ಕೊಳವೆಯೊಳಗೆ ನುಗ್ಗಿ ಅಲ್ಲಿನ ಗಾಳಿಯನ್ನು ಹೊರದೂಡುತ್ತದೆ, ಆಮೇಲೆ ಜಲಾಶಯದ ನೀರನ್ನು ತಾನೇ ಎಳೆದು ಆಚೆ ಚೆಲ್ಲುತ್ತದೆ. ಮಟ್ಟ ಇಳಿದು ಗಾಳಿ ಒಳಹೊಕ್ಕರೆ ಹರಿವು ನಿಂತಿತು. ಗೇಟು ಎತ್ತುವವರಿಲ್ಲ, ಮೋಟಾರಿಲ್ಲ, ಕರೆಂಟಿಲ್ಲ. ಸೆನ್ಸರ್, ಆ್ಯಪ್ ಎಂದು ಮಾತಾಡುವ ನಮ್ಮ ಕಾಲದಲ್ಲೂ ಇದರ ಮುಂದೆ ನಿಂತು ನೋಡುವುದೇ ಒಂದು ಪಾಠ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ತುಮಕೂರಿನ ಮುಖ್ಯರಸ್ತೆಯನ್ನು ಎಲ್ಲರೂ ಬಿ.ಎಚ್. ರಸ್ತೆ ಅನ್ನುತ್ತಾರೆ. ಬೆಂಗಳೂರಿನ ‘ಬಿ’, ಹೊನ್ನಾವರದ ‘ಎಚ್’. ಗುಬ್ಬಿ, ತಿಪಟೂರು ದಾಟಿ ಕಡಲಿನವರೆಗೆ ಹೋಗುವ ದಾರಿ ಅದು.

ಒಂದು ಕಾಲಕ್ಕೆ ಭಾರತದ ಕೈಗಡಿಯಾರ ತುಮಕೂರಿನಲ್ಲೂ ತಯಾರಾಗುತ್ತಿತ್ತು ಎಂಬುದು ಇಂದಿನ ಕಾಲೇಜು ಹುಡುಗರಿಗೆ ಗೊತ್ತೇ? ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಗಡಿಯಾರ ಶುರುಮಾಡಿತು. ತುಮಕೂರಿನ ಕಾರ್ಖಾನೆ ಬಂದದ್ದು 1978ರಲ್ಲಿ. ಆಗ ಮದುವೆ ಗಂಡಿಗೆ ವಾಚು ಅಂದರೆ ಎಚ್‌ಎಂಟಿಯೇ. ಬೆಳಗ್ಗೆ ಎದ್ದು ಎರಡು ಬೆರಳಲ್ಲಿ ತಿರುಪು ಹಿಡಿದು ಕೀ ಕೊಡಬೇಕು, ಬಿಗಿ ಹತ್ತಿದ್ದು ಬೆರಳಿಗೆ ತಿಳಿದೊಡನೆ ನಿಲ್ಲಿಸಬೇಕು, ಕಿವಿಗೆ ಹಿಡಿದು ಟಿಕ್‌ಟಿಕ್ ಕೇಳಿಸಿತೆಂದರೆ ದಿನ ಆರಂಭ. ಅಂಥದೊಂದು ವಾಚು ನಮ್ಮ ಮನೆಯಲ್ಲಿ ಇಂದಿಗೂ ನಡೆಯುತ್ತಿದೆ.

ಆ ಕಾರ್ಖಾನೆಯ ಹಣೆಬರಹ ಬರೆದದ್ದು ಟೋಕಿಯೊದಲ್ಲಿ, ಅದೂ ತುಮಕೂರಿನಲ್ಲಿ ಕಾರ್ಖಾನೆ ಏಳುವುದಕ್ಕೆ ಮುಂಚೆಯೇ. 1969ರ ಡಿಸೆಂಬರ್ 25ರಂದು ಸೀಕೊ ಕಂಪನಿ ಲೋಕದ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ಬಿಟ್ಟಿತು. ಹೆಸರು ಆಸ್ಟ್ರಾನ್. ಬೆಲೆ 4,50,000 ಯೆನ್, ಆಗ ಅಲ್ಲಿ ಒಂದು ಸಣ್ಣ ಕಾರಿಗೆ ಕೊಡುವಷ್ಟು ದುಡ್ಡು. ಒಳಗಿನ ಕ್ವಾರ್ಟ್ಜ್ ಹರಳಿಗೆ ಬ್ಯಾಟರಿಯ ವಿದ್ಯುತ್ ಹರಿದರೆ ಅದು ಕಂಪಿಸುತ್ತದೆ. ಇಂದಿನ ಸಾಮಾನ್ಯ ಕ್ವಾರ್ಟ್ಜ್ ವಾಚಿನಲ್ಲಿ ಸೆಕೆಂಡಿಗೆ 32,768 ಸಲ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿ ನೋಡಿ, ಒಂದು ಉಳಿಯುತ್ತದೆ. ಆ ಒಂದು ಮಿಡಿತವೇ ಮುಳ್ಳನ್ನು ಒಂದು ಸೆಕೆಂಡು ಮುಂದೆ ತಳ್ಳುವುದು. ಸ್ಪ್ರಿಂಗು, ಹಲ್ಲಿನ ಚಕ್ರ, ಅದನ್ನು ಜೋಡಿಸುವ ಪಳಗಿದ ಕೈ ಯಾವುದೂ ಅಷ್ಟಾಗಿ ಬೇಡವಾಯಿತು. ಬೆಲೆ ಬರಬರುತ್ತಾ ನೆಲಕ್ಕಿಳಿಯಿತು. ಸ್ವಿಟ್ಜರ್ಲೆಂಡಿನಲ್ಲಿ ಸಾವಿರಾರು ಗಡಿಯಾರ ಕೆಲಸಗಾರರು ಮನೆಗೆ ಹೋದರು. ಎಚ್‌ಎಂಟಿಯೂ ಕ್ವಾರ್ಟ್ಜ್ ಮಾಡಿತು, ಆದರೆ 1984ರಲ್ಲಿ ಹುಟ್ಟಿ ಹೊಸೂರಿನಲ್ಲಿ ನೆಲೆನಿಂತ ಟೈಟಾನ್‌ನ ಓಟಕ್ಕೆ ಸಾಟಿಯಾಗಲಿಲ್ಲ. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು.

ಕಾರ್ಖಾನೆಯ ಜಾಗ ಆಮೇಲೆ ಇಸ್ರೊಗೆ ಸೇರಿತು. ಗಡಿಯಾರದ ನೆಲಕ್ಕೆ ಬಾಹ್ಯಾಕಾಶದ ಕೆಲಸ ಬಂದದ್ದು ನನಗೆ ನಿಜಕ್ಕೂ ಸಂತೋಷ. ಆದರೆ ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತಿ ಕೂರಿಸುತ್ತಿದ್ದವರ ಕೈಚಳಕವನ್ನು ಯಾರೂ ದಾಖಲಿಸಿಡಲಿಲ್ಲವಲ್ಲ ಎಂಬ ಸಂಕಟವೂ ಇದೆ. ಅವರಲ್ಲಿ ಬಹಳ ಜನ ಇನ್ನೂ ನಮ್ಮ ನಡುವೆ ಇದ್ದಾರೆ. ಯಾವುದಾದರೂ ಕಾಲೇಜು ಒಂದು ರೆಕಾರ್ಡರ್ ಹಿಡಿದು ಹೊರಟರೆ ಸಾಕು.

ಮೈಸೂರು ಸಂಸ್ಥಾನದ ಸೇನೆಗೆ ಎತ್ತುಗಳು ಬರುತ್ತಿದ್ದುದು ಅಮೃತಮಹಲ್ ಕಾವಲುಗಳಿಂದ, ಕುದುರೆಗಳನ್ನು ಬೆಳೆಸುತ್ತಿದ್ದುದು ಕುಣಿಗಲ್‌ನಲ್ಲಿ. ಕುಣಿಗಲ್ ಕುದುರೆ ಫಾರಂನ ಮೂಲ ಹೈದರ್, ಟಿಪ್ಪು ಕಾಲಕ್ಕೆ ಹೋಗುತ್ತದೆ. 1990ರ ದಶಕದಲ್ಲಿ ಅದು ಗುತ್ತಿಗೆಯ ಮೇಲೆ ವಿಜಯ್ ಮಲ್ಯ ಅವರ ಯುಬಿ ಸಮೂಹದ ಕೈಗೆ ಹೋಗಿ ರೇಸ್ ಕುದುರೆಗಳ ತಾಣವಾಯಿತು. ಇನ್ನು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. ಶಂಕುಸ್ಥಾಪನೆ 2016ರ ಜನವರಿ 3, ಉದ್ಘಾಟನೆ 2023ರ ಫೆಬ್ರುವರಿ 6. ಮೊದಲ ಹೊಣೆ ಮೂರು ಟನ್ ವರ್ಗದ ಹಗುರ ಹೆಲಿಕಾಪ್ಟರ್. ಎತ್ತು, ಕುದುರೆ, ಹೆಲಿಕಾಪ್ಟರ್: ಯಂತ್ರ ಬದಲಾದರೂ ಸೇನೆಗೆ ಸವಾರಿ ಒದಗಿಸುವ ಕೆಲಸ ಈ ಸೀಮೆಯನ್ನು ಬಿಟ್ಟಿಲ್ಲ.

ಈಗ ಸಿನಿಮಾ. ಗುಬ್ಬಿ ಎಂದರೆ ನಾಟಕ, ಗುಬ್ಬಿ ವೀರಣ್ಣ ಎಂದರೆ ‘ಸದಾರಮೆ’ಯ ಕಳ್ಳ. ಇದು ಎಲ್ಲರಿಗೂ ಗೊತ್ತು. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಪ್ಯಾರಿಸ್‌ನಲ್ಲಿ ಲೂಮಿಯೇರ್ ಸಹೋದರರು ಟಿಕೆಟ್ ಮಾರಿ ಚಲನಚಿತ್ರ ತೋರಿಸಿದ್ದು 1895ರಲ್ಲಿ. ಅಂದರೆ ನಮ್ಮ ಕಂಪನಿ ಸಿನಿಮಾಕ್ಕಿಂತ ದೊಡ್ಡದು! ಆನೆ ಕುದುರೆಗಳನ್ನೇ ರಂಗಕ್ಕೆ ತಂದು ‘ಕುರುಕ್ಷೇತ್ರ’ ಆಡಿಸಿದ ವೀರಣ್ಣನವರು ಕ್ಯಾಮೆರಾ ಬಂದಾಗ ಹೆದರಿ ಹಿಂದೆ ಸರಿಯಲಿಲ್ಲ. ಮೂಕಿ ಕಾಲದಲ್ಲೇ ಚಿತ್ರ ತಯಾರಿಕೆಗೆ ಇಳಿದರು. 1931ರ ‘ಹಿಸ್ ಲವ್ ಅಫೇರ್’ ಚಿತ್ರವನ್ನು ನಿರ್ದೇಶಿಸಿದವರು ಬೆಲ್ಜಿಯಂನ ರಾಫೆಲ್ ಆಲ್ಗೊ, ಅಭಿನಯಿಸಿದವರು ನಮ್ಮ ವೀರಣ್ಣ. ಗುಬ್ಬಿಗೂ ಬೆಲ್ಜಿಯಂಗೂ ಎತ್ತಣಿಂದೆತ್ತಣ ಸಂಬಂಧ ನೋಡಿ.

1954ರ ‘ಬೇಡರ ಕಣ್ಣಪ್ಪ’ ರಾಜ್‌ಕುಮಾರ್ ನಾಯಕರಾಗಿ ಬಂದ ಮೊದಲ ಚಿತ್ರ. ಅದರ ನಿರ್ಮಾಣ ಸಂಸ್ಥೆಯ ಹೆಸರು ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್. ಮದ್ರಾಸಿನ ಎ.ವಿ. ಮೆಯ್ಯಪ್ಪನ್ ಜೊತೆ ಪಾಲುದಾರಿಕೆ, ನಿರ್ದೇಶನ ಎಚ್.ಎಲ್.ಎನ್. ಸಿಂಹ ಅವರದು. ಸ್ಟುಡಿಯೊ ಮದ್ರಾಸಿನದಾದರೂ ಕಥೆ, ಕಲಾವಿದರು, ಹೆಸರು ಎಲ್ಲ ನಾಟಕ ಕಂಪನಿಗಳಿಂದಲೇ ಬಂತು. ತಿಪಟೂರಿನ ನರಸಿಂಹರಾಜು ಅವರೂ ಇದೇ ಚಿತ್ರದಿಂದ ತೆರೆಗೆ ಬಂದರು, ಜಿ.ವಿ. ಅಯ್ಯರ್ ಅವರೂ ಅದರಲ್ಲಿದ್ದರು.

ಆ ಕಂಪನಿಯ ಅನ್ನ ಉಂಡವರು ದೇಶಕ್ಕೆ ಏನು ಕೊಟ್ಟರು ಎಂದು ಲೆಕ್ಕ ಹಾಕಿದರೆ ನನಗೆ ಮೈ ಜುಮ್ಮೆನ್ನುತ್ತದೆ. ಬಾಲ್ಯದಲ್ಲಿ ಮನೆಬಿಟ್ಟು ಬಂದು ಗುಬ್ಬಿ ಕಂಪನಿ ಸೇರಿದ ಬಿ.ವಿ. ಕಾರಂತರನ್ನು ಕಾಶಿಗೆ ಓದಲು ಕಳಿಸಿದವರು ವೀರಣ್ಣನವರೇ. ಕಾರಂತರ ‘ಚೋಮನ ದುಡಿ’ಗೆ ಸ್ವರ್ಣಕಮಲ ಬಂತು. ಅದೇ ಕಂಪನಿಯಲ್ಲಿ ಹುಡುಗನಾಗಿ ಬೆಳೆದ ಜಿ.ವಿ. ಅಯ್ಯರ್ ಅವರ ‘ಆದಿ ಶಂಕರಾಚಾರ್ಯ’ ಸಂಸ್ಕೃತದ ಮೊದಲ ಚಿತ್ರ, ಅದಕ್ಕೂ ಸ್ವರ್ಣಕಮಲ. ಅವರ ‘ಭಗವದ್ಗೀತಾ’ಕ್ಕೂ ಸ್ವರ್ಣಕಮಲ. ರಾಜ್‌ಕುಮಾರ್ ಅವರಿಗೆ 1995ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ. ಒಂದು ತಾಲ್ಲೂಕು ಕೇಂದ್ರದ ನಾಟಕ ಕಂಪನಿಯಿಂದ ಇಷ್ಟು! ಫಿಲ್ಮ್ ಸ್ಕೂಲಿಗೆ ಕೋಟಿಗಟ್ಟಲೆ ಹಣ ಸುರಿಯುವ ಮುನ್ನ ಕಂಪನಿ ನಾಟಕದ ತರಬೇತಿ ಹೇಗಿತ್ತು ಎಂದು ಸರ್ಕಾರ ಒಮ್ಮೆ ಗಂಭೀರವಾಗಿ ಕೂತು ಅಧ್ಯಯನ ಮಾಡಿಸಬೇಕು.

ಟಿ.ವಿ. ಒಂದು ಊರಿಗೆ ಏನು ಮಾಡುತ್ತದೆ ಎಂಬುದನ್ನು ತೋರಿಸುವ ಗಿರೀಶ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸು’ ಚಿತ್ರಕ್ಕೆ ಆಧಾರ ವೈದೇಹಿಯವರ ಕಥೆ. ಸೂಲಗಿತ್ತಿ ಗುಲಾಬಿಯ ಗುಡಿಸಲಿಗೆ ಬಣ್ಣದ ಟಿ.ವಿ., ಡಿಶ್ ಬರುತ್ತವೆ, ಊರಿನ ಹೆಂಗಸರು ಸೇರುತ್ತಾರೆ. ಆಚೆ ಕಾರ್ಗಿಲ್ ಯುದ್ಧ, ಈಚೆ ದೊಡ್ಡ ದೋಣಿಗಳ ಮುಂದೆ ಸಣ್ಣ ಮೀನುಗಾರರ ಪಾಡು. ಗುಲಾಬಿಯಾಗಿ ರಾಷ್ಟ್ರಪ್ರಶಸ್ತಿ ಗೆದ್ದ ಉಮಾಶ್ರೀ ನಮ್ಮ ಜಿಲ್ಲೆಯ ನೊಣವಿನಕೆರೆಯಲ್ಲಿ ಹುಟ್ಟಿದವರು.

 

ಇನ್ನು ಮಾರುಕಟ್ಟೆ. ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಮೊಬೈಲ್ ತೋರಿಸಿ ಎದ್ದುಬರುವ ಯುಪಿಐ ಶುರುವಾದದ್ದು 2016ರ ಏಪ್ರಿಲ್‌ನಲ್ಲಿ. ವ್ಯಾಪಾರಿಗೆ ಅದರ ಮೇಲೆ ಶುಲ್ಕವಿಲ್ಲ ಎಂದಾದದ್ದು 2020ರ ಜನವರಿಯಿಂದ. 2025ರ ಜುಲೈನಲ್ಲಿ ಇದೇ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಯವರಿಗೆ ನೋಟಿಸು ಕೊಟ್ಟಾಗ ರಾಜ್ಯದಲ್ಲಿ ಕೆಲವು ಅಂಗಡಿಗಳ ಮುಂದೆ ‘ನಗದು ಮಾತ್ರ’ ಬೋರ್ಡು ಬಂತು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು, ಸೇವೆಗೆ 20 ಲಕ್ಷ. ಇದನ್ನು ಅಂಗಡಿ ಅಂಗಡಿಗೂ ಕನ್ನಡದಲ್ಲಿ ಮೊದಲೇ ತಿಳಿಸಿದ್ದರೆ ಅಷ್ಟು ಗಾಬರಿ ಏಳುತ್ತಿರಲಿಲ್ಲ.

ಉಂಡೆ ಕೊಬ್ಬರಿಗೆ ಅವಸರವಿಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತಿರ ಹತ್ತಿರ ವರ್ಷ ಕಾಯಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲುಗಾಡಿಸಿದರೆ ಗುಂಡು ಉರುಳಿದ ಸದ್ದು ಬಂದಮೇಲೆ ಸುಲಿಯುವುದು. ತಿಪಟೂರು ಮಾರುಕಟ್ಟೆಯಿಂದ ಇದು ಉತ್ತರ ಭಾರತದ ಮದುವೆ, ಪೂಜೆ, ಸಿಹಿತಿಂಡಿಗಳಿಗೆ ಹೋಗುತ್ತದೆ. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 2023ರಲ್ಲಿ 11,750 ರೂಪಾಯಿ, 2024ರಲ್ಲಿ 12,000, 2025ರಲ್ಲಿ 12,100.

ಆ ಬೆಲೆಗೂ ಇಂಡೊನೇಷ್ಯಾ, ಮಲೇಷ್ಯಾಗಳ ತಾಳೆ ತೋಟಕ್ಕೂ ನಂಟಿದೆ. ಭಾರತ ತನಗೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರುತ್ತದೆ. ಅಗ್ಗದ ತಾಳೆ ಎಣ್ಣೆ ಹರಿದುಬಂದರೆ ಕೊಬ್ಬರಿ ಎಣ್ಣೆಗೆ ಪೆಟ್ಟು, ಎಣ್ಣೆಗೆ ಪೆಟ್ಟು ಬಿದ್ದರೆ ಕೊಬ್ಬರಿಗೂ. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೇಲೆ ಶೂನ್ಯವಿದ್ದ ಮೂಲ ಆಮದು ಸುಂಕ ಶೇ 20 ಆಯಿತು. 2025ರ ಮೇ ಕೊನೆಗೆ ಅದನ್ನು ಶೇ 10ಕ್ಕೆ ಇಳಿಸಿದರು. ಕಪ್ಪುತಲೆ ಹುಳು, ಕಾಂಡ ಸೋರುವ ರೋಗಗಳ ಜೊತೆ ಹೋರಾಡುವ ಬೆಳೆಗಾರ ದೆಹಲಿಯ ಈ ಅಧಿಸೂಚನೆಗಳನ್ನೂ ಓದಬೇಕು. ಪತ್ರಿಕೆಗಳು ಇದನ್ನು ವಾಣಿಜ್ಯ ಪುಟದ ಮೂಲೆಗೆ ಹಾಕುವುದು ಬಿಟ್ಟು ಜಿಲ್ಲಾ ಪುಟದ ತಲೆಗೆ ಹಾಕಬೇಕೆಂದು ನನ್ನ ಒತ್ತಾಯ.

ಅಡಿಕೆಗೂ ಹಾಗೆಯೇ. 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆ ಕಿಲೋಗೆ 251ರಿಂದ 351 ರೂಪಾಯಿಗೆ ಏರಿತು. ಅದಕ್ಕಿಂತ ಕಡಿಮೆ ಬೆಲೆಯ ಅಡಿಕೆ ದೇಶದೊಳಕ್ಕೆ ಬರುವಂತಿಲ್ಲ ಎಂದು ಅದರ ಅರ್ಥ.

ನಮ್ಮ ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ ಪಾರ್ಕ್ ಇದೆ. ಇಲ್ಲಿ ಭೂಮಿಯನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಮಳೆ ಕೈಕೊಟ್ಟ ಸೀಮೆಯಲ್ಲಿ ಪಹಣಿ ರೈತನ ಹೆಸರಿನಲ್ಲೇ ಉಳಿಯಿತು, ಇದು ದೊಡ್ಡ ಮಾತು. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡಿಕೊಂಡಿದ್ದ, ಪಹಣಿಯಲ್ಲಿ ಹೆಸರೇ ಇಲ್ಲದ ಜನರಿಗೆ ಗುತ್ತಿಗೆ ಹಣ ಬರುವುದಿಲ್ಲ. ಮುಂದಿನ ಪಾರ್ಕು ಎಲ್ಲೇ ಆಗಲಿ, ಅವರ ಪಾಲನ್ನು ಮೊದಲೇ ಬರೆದಿಡಬೇಕು.

ಪಾಲು ಬರೆದಿಟ್ಟದ್ದಕ್ಕೆ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲೇ ಮಾದರಿ ಇದೆ. ಅಲ್ಲಿನ ರೈತರೊಬ್ಬರ ತೋಟದ ಹಲಸಿನ ಮರವೊಂದರ ತೊಳೆ ತಾಮ್ರಗೆಂಪು, ಹಣ್ಣು ಎರಡೂವರೆ ಮೂರು ಕಿಲೋ, ಒಂದು ಸಣ್ಣ ಸಂಸಾರಕ್ಕೆ ಹೇಳಿ ಮಾಡಿಸಿದ ಗಾತ್ರ. ಹಲಸಿನ ಬೀಜ ಹಾಕಿದರೆ ತಾಯಿಮರದ ಗುಣವೇ ಬರುತ್ತದೆಂಬ ಖಾತ್ರಿಯಿಲ್ಲ, ಕಸಿಯೇ ಕಟ್ಟಬೇಕು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 2017ರಲ್ಲಿ ಆ ರೈತರೊಂದಿಗೆ ಒಪ್ಪಂದ ಮಾಡಿಕೊಂಡಿತು. ಕಸಿ ಸಸಿಯ ಮಾರಾಟದಲ್ಲಿ ಬಂದ ಹಣದ ಮುಕ್ಕಾಲು ಪಾಲು ಮರದ ಒಡೆಯರಿಗೆ. ಮರ ನೆಟ್ಟ ತಂದೆಯ ಹೆಸರಿನಿಂದಲೇ ತಳಿಗೆ ‘ಸಿದ್ದು’ ಎಂದು ಹೆಸರಾಯಿತು.

2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ರೈತರು ತಮ್ಮ ತಳಿಯನ್ನು ನೋಂದಾಯಿಸಲು ಶುಲ್ಕ ಕಟ್ಟಬೇಕಿಲ್ಲ. ನಿಮ್ಮ ಹಿತ್ತಲಿನಲ್ಲಿ ಊರೆಲ್ಲ ಕೇಳಿಕೊಂಡು ಬರುವಂಥ ಹಲಸೋ, ಹುಣಸೆಯೋ, ಮಾವೋ ಇದ್ದರೆ, ಹಣ್ಣಿನ ಕಾಲದಲ್ಲೇ ತುಮಕೂರು ಹತ್ತಿರದ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದೆರಡು ಹಣ್ಣು ಒಯ್ದು ತೋರಿಸಿ.