ಒಂದೇ ಒಂದು ಗೋಲಿನ ಅಂತರ

2014ರ ಡಿಸೆಂಬರ್ 16. ಚೆನ್ನೈನ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಮೊದಲ ವರ್ಷದ ಸೆಮಿಫೈನಲ್. ಮೂರು ದಿನ ಮೊದಲು ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು 0–3ರಿಂದ ಸೋತು ಬಂದಿದ್ದ ಚೆನ್ನೈಯಿನ್ ಎಫ್‌ಸಿಗೆ ಆ ರಾತ್ರಿ ಪವಾಡವೇ ಬೇಕಿತ್ತು. ಪವಾಡ ನಡೆಯಿತು ಕೂಡ. ಮಿಕಾಯೆಲ್ ಸಿಲ್ವೆಸ್ಟ್ರ್ ಒಂದು ಗೋಲು ಹೊಡೆದರು. ಇನ್ನೊಂದನ್ನು ಎದುರಾಳಿ ಡಿಫೆಂಡರ್ ಸಂದೇಶ್ ಜಿಂಗನ್ ತಮ್ಮದೇ ಬಲೆಗೆ ತಳ್ಳಿದರು. ತೊಂಬತ್ತನೇ ನಿಮಿಷದಲ್ಲಿ ಜೇಜೇ ಲಾಲ್ಪೆಖ್ಲುವಾ ಮೂರನೆಯದನ್ನು ಹೊಡೆದಾಗ ಲೆಕ್ಕ ಸರಿಸಮ. ಹೆಚ್ಚುವರಿ ಸಮಯ ಶುರುವಾಯಿತು. ಪೆನಾಲ್ಟಿ ಶೂಟೌಟ್‌ಗೆ ಮೂರೇ ನಿಮಿಷ ಉಳಿದಿದ್ದಾಗ, 117ನೇ ನಿಮಿಷದಲ್ಲಿ, ಬ್ಲಾಸ್ಟರ್ಸ್‌ನ ಸ್ಟೀಫನ್ ಪಿಯರ್ಸನ್ ಚೆಂಡನ್ನು ಬಲೆ ಸೇರಿಸಿದರು. ಆ ದಿನದ ಪಂದ್ಯವನ್ನು ಚೆನ್ನೈ 3–1ರಿಂದ ಗೆದ್ದಿತ್ತು. ಎರಡು ಪಂದ್ಯಗಳ ಒಟ್ಟು ಲೆಕ್ಕದಲ್ಲಿ ಮಾತ್ರ 3–4ರಿಂದ ಸೋತಿತ್ತು.

ಗೆದ್ದೂ ಸೋತ ರಾತ್ರಿ ಅದು. ಲೀಗ್ ಹಂತದಲ್ಲಿ ಅಗ್ರಸ್ಥಾನ ಪಡೆದಿದ್ದ ತಂಡ ಫೈನಲ್ ಕಾಣಲಿಲ್ಲ. ಕ್ಲಬ್ ಹುಟ್ಟಿ ವರ್ಷವೂ ತುಂಬಿರಲಿಲ್ಲ. ಅಲ್ಲಿ ನೆರೆದಿದ್ದವರಲ್ಲಿ ಎಷ್ಟೋ ಮಂದಿ ಮಾರ್ಕೊ ಮಟೆರಾಜಿ, ಎಲಾನೊ ಅಂಥ ಹೆಸರುಗಳನ್ನು ನೋಡಲು ಬಂದವರು. ದಕ್ಷಿಣ ಭಾರತದಲ್ಲಿ ಇಂದು ಕಾಣುವ ಕ್ಲಬ್ ಅಭಿಮಾನ ಎಲ್ಲಿ ಬೇರುಬಿಟ್ಟಿತು ಎಂದು ಹುಡುಕುತ್ತ ಹೋದರೆ ಟ್ರೋಫಿ ಎತ್ತಿದ ದಿನಗಳಿಗಿಂತ ಹೆಚ್ಚಾಗಿ ಇಂಥ ರಾತ್ರಿಗಳೇ ಎದುರಾಗುತ್ತವೆ. ಪ್ರೇಕ್ಷಕನಾಗಿ ಬಂದವನು ಕೂದಲೆಳೆಯ ಸೋಲು ಕಂಡು ಅಭಿಮಾನಿಯಾಗಿ ಮನೆಗೆ ಹೋದ.

ವೇಲಚೇರಿಯಂಥ ಬಡಾವಣೆಯನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಚೆನ್ನೈನ ಹಳೆಯ ಫುಟ್‌ಬಾಲ್ ಇರುವುದು ಉತ್ತರದಲ್ಲಿ, ವ್ಯಾಸರ್ಪಾಡಿಯಂಥ ದುಡಿಯುವ ಜನರ ಕೇರಿಗಳಲ್ಲಿ. ದಕ್ಷಿಣದ ವೇಲಚೇರಿ ಬೆಳೆದದ್ದು ಕಣ್ಣೆದುರಿಗೇ. ತರಮಣಿ, ಹಳೆ ಮಹಾಬಲಿಪುರಂ ರಸ್ತೆಯ ಸಾಫ್ಟ್‌ವೇರ್ ಕಚೇರಿಗಳು ಬಂದ ಮೇಲೆ ಅಪಾರ್ಟ್‌ಮೆಂಟ್‌ಗಳು ಎದ್ದವು. ಕೆಲಸ ಅರಸಿ ಆಂಧ್ರದಿಂದ, ಕೇರಳದಿಂದ, ನಮ್ಮ ಕರ್ನಾಟಕದಿಂದ ಬಂದ ಯುವಕರು ಬಾಡಿಗೆ ಮನೆ ಹಿಡಿದರು. 2007ರಲ್ಲಿ ಎಂಆರ್‌ಟಿಎಸ್ ರೈಲು ವೇಲಚೇರಿವರೆಗೆ ಬಂತು. ಆ ರೈಲು ಹತ್ತಿ ಪಾರ್ಕ್ ಟೌನ್‌ನಲ್ಲಿ ಇಳಿದರೆ ನೆಹರೂ ಕ್ರೀಡಾಂಗಣ ಅಲ್ಲೇ ಹತ್ತಿರ. ಅಪ್ಪ, ಅಜ್ಜನ ಕಾಲದಿಂದ ಬಂದ ತಂಡ ಎಂಬುದು ಇಂಥ ಹೊಸ ಬಡಾವಣೆಗೆ ಇರಲಿಲ್ಲ. ಊರಿಗೆ ಹೊಸಬರಾದವರಿಗೆ ಊರಿಗೇ ಹೊಸದಾದ ತಂಡವೊಂದು ಸಿಕ್ಕಿತು.

ಮರುವರ್ಷವೇ ಪರೀಕ್ಷೆ. 2015ರ ಡಿಸೆಂಬರ್ ಮೊದಲ ವಾರದ ಮಳೆಗೆ ಅಡ್ಯಾರ್ ನದಿ ಉಕ್ಕಿತು, ಚೆನ್ನೈ ಮುಳುಗಿತು. ಕೆರೆ, ಜೌಗುನೆಲಗಳ ಅಂಚಿನಲ್ಲಿ ಎದ್ದ ವೇಲಚೇರಿ ಅತಿ ಹೆಚ್ಚು ನೀರು ಕಂಡ ಬಡಾವಣೆಗಳಲ್ಲೊಂದು. ಬೀದಿಗಳಲ್ಲಿ ದೋಣಿ ಓಡಿದವು. ತವರಿನಲ್ಲಿ ನಡೆಯಬೇಕಿದ್ದ ಸೆಮಿಫೈನಲ್ ಪುಣೆಗೆ ಹೋಯಿತು. ತಮ್ಮದೇ ಊರಿನ ಪಂದ್ಯವನ್ನು ಊರವರು ನೋಡಲಾಗಲಿಲ್ಲ. ಡಿಸೆಂಬರ್ 12ರಂದು ಅಲ್ಲಿ ಚೆನ್ನೈಯಿನ್ ಅಟ್ಲೆಟಿಕೊ ಡಿ ಕೋಲ್ಕತಾವನ್ನು 3–0ಯಿಂದ ಮಣಿಸಿತು. ಡಿಸೆಂಬರ್ 20ರಂದು ಗೋವಾದ ಫತೋರ್ಡಾದಲ್ಲಿ ಫೈನಲ್. 87ನೇ ನಿಮಿಷದಲ್ಲಿ ಗೋವಾ 2–1ರಿಂದ ಮುಂದೆ. ಮುಂದಿನ ಐದಾರು ನಿಮಿಷಗಳಲ್ಲಿ ಎಲ್ಲವೂ ಬದಲಾಯಿತು. ಗೋಲ್‌ಕೀಪರ್ ಕಟ್ಟಿಮನಿ ಕೈಗೆ ತಾಗಿ ಚೆಂಡು ಗೋವಾದ ಬಲೆಗೇ ಬಿತ್ತು. ಇಂಜುರಿ ಟೈಮ್‌ನಲ್ಲಿ ಕೊಲಂಬಿಯಾದ ಸ್ಟೀವನ್ ಮೆಂಡೋಜಾ ಗೆಲುವಿನ ಗೋಲು ಹೊಡೆದರು. 3–2. ಒಂದು ವರ್ಷದ ಹಿಂದೆ ಚೆನ್ನೈ ಅನುಭವಿಸಿದ್ದನ್ನು ಆ ರಾತ್ರಿ ಗೋವಾದವರು ಅನುಭವಿಸಿದರು. ಮನೆಯ ಕೆಸರು ಬಳಿಯುತ್ತಿದ್ದ ನಗರಕ್ಕೆ ಆ ಕಪ್ ಎಷ್ಟು ದೊಡ್ಡದಾಗಿ ಕಂಡಿತು ಎಂಬುದನ್ನು ವಿವರಿಸಬೇಕಿಲ್ಲ.

ಇತ್ತ ಬೆಂಗಳೂರಿನ ಕಥೆ ಬೇರೆ ದಾರಿಯಲ್ಲಿ ಹೊರಟಿತ್ತು. ಈ ನಗರಕ್ಕೆ ಫುಟ್‌ಬಾಲ್ ಹೊಸದಲ್ಲ. 1937ರಲ್ಲಿ ರೋವರ್ಸ್ ಕಪ್ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ; ಮರುವರ್ಷ ಮತ್ತೆ ಗೆದ್ದಿತು. ಮೈಸೂರು ರಾಜ್ಯ ನಾಲ್ಕು ಬಾರಿ ಸಂತೋಷ್ ಟ್ರೋಫಿ ಎತ್ತಿತು. ಹಲಸೂರಿನ ಗೌತಮಪುರ, ಆಸ್ಟಿನ್ ಟೌನ್‌ಗಳ ಓಣಿಗಳು ದೇಶಕ್ಕೆ ಆಟಗಾರರನ್ನು ಕೊಟ್ಟವು. ಗೌತಮಪುರದ ಜನ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿದ್ದಾರೆ. ಈ ದಂಡು ಪ್ರದೇಶದ ಓಣಿಗಳಲ್ಲಿ ಮನೆಮಾತು ಹೆಚ್ಚಾಗಿ ತಮಿಳು ಎಂಬುದನ್ನೂ ನೆನಪಿಡಬೇಕು. ಬೆಂಗಳೂರು ಮತ್ತು ಚೆನ್ನೈನ ಫುಟ್‌ಬಾಲ್ ನಂಟು ಯಾವ ಲೀಗ್‌ಗಿಂತಲೂ ಹಳೆಯದು.

ಸ್ವತಂತ್ರ ಭಾರತದ ಮೊದಲ ದೊಡ್ಡ ಕೂದಲೆಳೆ ಸೋಲಿನಲ್ಲೂ ಬೆಂಗಳೂರಿನ ಪಾಲಿದೆ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ಎದುರು ಆಡಿತು. ನಮ್ಮ ಬಹುತೇಕ ಆಟಗಾರರು ಬರಿಗಾಲಲ್ಲಿದ್ದರು. ಬೆಂಗಳೂರಿನ ಸಾರಂಗಪಾಣಿ ರಾಮನ್ ಸಮಬಲದ ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು. ಭಾರತ ಎರಡು ಪೆನಾಲ್ಟಿಗಳನ್ನು ಕೈಚೆಲ್ಲಿತು, ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಗೋಲು ಹೊಡೆದು 2–1ರಿಂದ ಗೆದ್ದಿತು.

ಆದರೆ ನಂತರದ ದಶಕಗಳಲ್ಲಿ ಕಾರ್ಖಾನೆ, ಬ್ಯಾಂಕ್‌ಗಳ ತಂಡಗಳು ಸೊರಗಿದವು, ಸ್ಟ್ಯಾಂಡ್‌ಗಳು ಬರಿದಾದವು. 2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರು ಎಫ್‌ಸಿ ಕಟ್ಟಿತು. ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದ ಪಶ್ಚಿಮ ಬದಿಯಲ್ಲಿ ಒಂದಷ್ಟು ಯುವಕ, ಯುವತಿಯರು ನೀಲಿ ಬಟ್ಟೆ ತೊಟ್ಟು, ತಮಟೆ ಹಿಡಿದು ಪಂದ್ಯವಿಡೀ ನಿಂತೇ ಹಾಡತೊಡಗಿದರು. ವೆಸ್ಟ್ ಬ್ಲಾಕ್ ಬ್ಲೂಸ್ ಹುಟ್ಟಿದ್ದು ಹಾಗೆ. ತಂಡ ಮರುವರ್ಷ ಕಂಠೀರವಕ್ಕೆ ಹೋದಾಗ ಹೆಸರೂ ಜತೆಗೇ ಹೋಯಿತು.

ಮೊದಲ ವರ್ಷವೇ ದೇಶದ ಆಗಿನ ಪ್ರಮುಖ ಲೀಗ್ ಆಗಿದ್ದ ಐ–ಲೀಗ್ ಗೆದ್ದ ತಂಡಕ್ಕೆ ಅಭಿಮಾನಿಗಳು ಬರುವುದು ಸಹಜ. ಅವರು ಉಳಿಯುತ್ತಾರೆಯೇ ಎಂಬುದು ಗೊತ್ತಾಗುವುದು ಬೇರೆ ದಿನ. 2015ರ ಮೇ 31ರಂದು ಅಂಥ ದಿನ ಬಂತು. ಐ–ಲೀಗ್‌ನ ಕಡೆಯ ಪಂದ್ಯ, ಎದುರಾಳಿ ಮೋಹನ್ ಬಾಗಾನ್. ಬೆಂಗಳೂರು ಗೆದ್ದರೆ ಪ್ರಶಸ್ತಿ ಇಲ್ಲೇ, ಡ್ರಾ ಆದರೆ ಕೋಲ್ಕತ್ತಕ್ಕೆ. ಜಾನ್ ಜಾನ್ಸನ್ ಗೋಲಿನಿಂದ ಮುಂದಿದ್ದ ತಂಡದ ಬಲೆಗೆ 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ತಲೆಯಿಂದ ಚೆಂಡು ಹಾಕಿದರು. 1–1. ತವರಿನ ಅಂಗಳದಲ್ಲಿ ಪರರ ಸಂಭ್ರಮ ನೋಡಬೇಕಾಯಿತು. 2016ರ ನವೆಂಬರ್ 5ರಂದು ದೋಹಾದಲ್ಲಿ ಮತ್ತೊಂದು. ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎಂಬ ಹಿರಿಮೆ ಹೊತ್ತು ಹೋದ ಬೆಂಗಳೂರು, ಇರಾಕ್‌ನ ಏರ್‌ಫೋರ್ಸ್ ಕ್ಲಬ್ ಎದುರು ಹಮ್ಮಾದಿ ಅಹ್ಮದ್ ಅವರ ಒಂದೇ ಗೋಲಿಗೆ ಸೋತಿತು.

ಎರಡೂ ನಗರಗಳ ಕಥೆ ಒಂದಾದದ್ದು 2018ರ ಮಾರ್ಚ್ 17ರಂದು.

ಐ–ಲೀಗ್ ಬಿಟ್ಟು ಬಂದ ಬೆಂಗಳೂರಿಗೆ ಅದು ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಮೊದಲ ವರ್ಷ. ಲೀಗ್‌ನಲ್ಲಿ 18 ಪಂದ್ಯಗಳಿಂದ 40 ಅಂಕ. ಎರಡನೇ ಸ್ಥಾನದ ಚೆನ್ನೈಯಿನ್‌ಗೆ 32. ಸೆಮಿಫೈನಲ್‌ನಲ್ಲಿ ಪುಣೆ ವಿರುದ್ಧ ಸುನಿಲ್ ಛೆಟ್ರಿ ಹ್ಯಾಟ್ರಿಕ್. ಫೈನಲ್ ಕೂಡ ಸ್ವಂತ ಅಂಗಳ ಕಂಠೀರವದಲ್ಲೇ. ಎಚ್ಚರಿಕೆಯ ಗಂಟೆ ಮಾತ್ರ ಮೊದಲೇ ಬಾರಿಸಿತ್ತು: ಡಿಸೆಂಬರ್ 17ರಂದು ಇದೇ ಅಂಗಳದಲ್ಲಿ ವ್ಯಾಸರ್ಪಾಡಿಯ ಹುಡುಗ ಧನಪಾಲ್ ಗಣೇಶ್ 88ನೇ ನಿಮಿಷದಲ್ಲಿ ಗೋಲು ಹೊಡೆದು ಚೆನ್ನೈಯನ್ನು 2–1ರಿಂದ ಗೆಲ್ಲಿಸಿದ್ದರು.

ಕಾಲವೂ ಸೂಕ್ಷ್ಮವಾಗಿತ್ತು. ಕಾವೇರಿ ನೀರಿನ ಬಗ್ಗೆ ಸುಪ್ರೀಂ ಕೋರ್ಟ್ ಅಂತಿಮ ತೀರ್ಪು ಕೊಟ್ಟು ಒಂದು ತಿಂಗಳಷ್ಟೇ ಆಗಿತ್ತು. ಮುಂದೆ ಏಪ್ರಿಲ್‌ನಲ್ಲಿ ಇದೇ ವಿಚಾರದ ಪ್ರತಿಭಟನೆಯಿಂದ ಚೆನ್ನೈನ ಐಪಿಎಲ್ ಪಂದ್ಯಗಳು ಪುಣೆಗೆ ಹೋಗಬೇಕಾಯಿತು. ಈ ಎರಡರ ನಡುವೆ ಬೆಂಗಳೂರು, ಚೆನ್ನೈ ತಂಡಗಳು ಬೆಂಗಳೂರಿನ ನಟ್ಟನಡುವೆ, ಕಿಕ್ಕಿರಿದ ಕ್ರೀಡಾಂಗಣದಲ್ಲಿ ಫೈನಲ್ ಆಡಿದವು. ಮರುದಿನ ಸುದ್ದಿಯಾದದ್ದು ಆಟವೇ. ಇದು ಸಣ್ಣ ಸಂಗತಿಯಲ್ಲ.

ಒಂಬತ್ತನೇ ನಿಮಿಷದಲ್ಲಿ ಉದಾಂತ ಸಿಂಗ್ ಬಲಬದಿಯಿಂದ ಕೊಟ್ಟ ಚೆಂಡಿಗೆ ಛೆಟ್ರಿ ಮುಂದಕ್ಕೆ ಹಾರಿ ತಲೆಕೊಟ್ಟರು. 1–0. ವೆಸ್ಟ್ ಬ್ಲಾಕ್‌ಗೆ ಕಪ್ ಕೈಗೆಟಕುವಷ್ಟು ಹತ್ತಿರ ಬಂದಂತಿತ್ತು. 17ನೇ ನಿಮಿಷದಲ್ಲಿ ಚೆನ್ನೈಗೆ ಕಾರ್ನರ್ ಸಿಕ್ಕಿತು. ಗ್ರೆಗರಿ ನೆಲ್ಸನ್ ಒದ್ದ ಚೆಂಡಿಗೆ ಬ್ರೆಜಿಲ್‌ನ ಡಿಫೆಂಡರ್ ಮೈಲ್ಸನ್ ಆಲ್ವೆಸ್ ತಲೆ ಕೊಟ್ಟರು. 45ನೇ ನಿಮಿಷದಲ್ಲಿ ಮತ್ತೆ ಕಾರ್ನರ್, ಅದೇ ನೆಲ್ಸನ್, ಅದೇ ಆಲ್ವೆಸ್. ಒಂದೇ ತಪ್ಪನ್ನು ಎರಡು ಸಲ ಮಾಡಿದ್ದೇ ಬೆಂಗಳೂರಿಗೆ ಮುಳುವಾಯಿತು. 67ನೇ ನಿಮಿಷದಲ್ಲಿ ರಫಾಯೆಲ್ ಅಗಸ್ಟೊ ದೂರದಿಂದ ಮೂರನೆಯದನ್ನು ಹೊಡೆದರು. ಇಂಜುರಿ ಟೈಮ್‌ನಲ್ಲಿ ವೆನೆಜುವೆಲಾದ ಮಿಕು ಒಂದು ಗೋಲು ಮರಳಿಸಿದಾಗ ಇಡೀ ಕಂಠೀರವ ಮತ್ತೆ ಎದ್ದಿತು. ಸಮಯ ಉಳಿದಿರಲಿಲ್ಲ. 2–3.

“ಇನ್ನೊಂದೈದು ನಿಮಿಷ ಇದ್ದಿದ್ರೆ…” ಎಂಬ ಮಾತು ಇಂಥ ಪಂದ್ಯದ ನಂತರ ಯಾವ ಊರಿನ ಕ್ರೀಡಾಂಗಣದ ಗೇಟಿನಲ್ಲೂ ಕೇಳಿಸುತ್ತದೆ. ಐದು ಗೋಲಿನಿಂದ ಸೋತವನು ಬೇಗ ಮಲಗುತ್ತಾನೆ. ಒಂದು ಗೋಲಿನಿಂದ ಸೋತವನಿಗೆ ನಿದ್ದೆಯಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮೆಡ್ವೆಕ್, ಮೇಡಿ ಮತ್ತು ಗಿಲೊವಿಚ್ ಇದಕ್ಕೆ ಸಾಕ್ಷ್ಯ ಒದಗಿಸಿದ್ದಾರೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ದೃಶ್ಯಗಳನ್ನು ಪರಿಶೀಲಿಸಿದಾಗ ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರೇ ಹೆಚ್ಚು ಖುಷಿಯಾಗಿ ಕಂಡರು. ಚಿನ್ನ ತಪ್ಪಿದ್ದು ಬೆಳ್ಳಿಯವರನ್ನು ಕಾಡುತ್ತಿತ್ತು, ಪದಕವಾದರೂ ಸಿಕ್ಕಿತಲ್ಲ ಎಂಬ ನೆಮ್ಮದಿ ಕಂಚಿನವರಿಗಿತ್ತು. ರಾಬರ್ಟ್ ಚಿಯಾಲ್ಡಿನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಲ್ಲಿ ನೆನಪಾಗುತ್ತದೆ. ಕಾಲೇಜು ತಂಡ ಗೆದ್ದ ವಾರ ವಿದ್ಯಾರ್ಥಿಗಳು ಕಾಲೇಜಿನ ಹೆಸರಿರುವ ಬಟ್ಟೆ ಹೆಚ್ಚು ತೊಡುತ್ತಿದ್ದರು, ಸೋತಾಗ ತಂಡದಿಂದ ತುಸು ದೂರ ಸರಿದು ಮಾತಾಡುತ್ತಿದ್ದರು.

ಆ ದೂರ ಸರಿಯುವಿಕೆಯೇ ಭಾರತದ ಕ್ಲಬ್ ಫುಟ್‌ಬಾಲಿಗೆ ದೊಡ್ಡ ಅಪಾಯ. ಕೋಲ್ಕತ್ತದ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಅಭಿಮಾನಿಗಳಿಗೆ ನೂರು ವರ್ಷದ ಬೆನ್ನೆಲುಬಿದೆ; ಸೋಲನ್ನು ಅವರು ಮನೆತನದ ಕಥೆಯಾಗಿ ಮಕ್ಕಳಿಗೆ ದಾಟಿಸುತ್ತಾರೆ. ಬೆಂಗಳೂರು, ಚೆನ್ನೈಗಳ ಹೊಸ ತಂಡಗಳು ಅದನ್ನು ಶೂನ್ಯದಿಂದ ಕಟ್ಟಬೇಕಿತ್ತು. ಕಟ್ಟಿದ್ದು ಮಾಲೀಕರ ಹಣವೊಂದೇ ಅಲ್ಲ. ಪಂದ್ಯ ಮುಗಿದ ಮೇಲೆ ಆಟಗಾರರು ವೆಸ್ಟ್ ಬ್ಲಾಕ್ ಎದುರು ಬಂದು ನಿಲ್ಲುವುದು, ಮೇಲಿನವರೂ ಕೆಳಗಿನವರೂ ಒಟ್ಟಿಗೆ ಕೈ ಎತ್ತಿ ತಾಳ ಹಾಕುವುದು ಬೆಂಗಳೂರಿನಲ್ಲಿ ರೂಢಿಯಾಯಿತು. ಚೆನ್ನೈಯಲ್ಲಿ ಬಿ ಸ್ಟ್ಯಾಂಡ್ ಬ್ಲೂಸ್, ಸೂಪರ್‌ಮಚಾನ್ಸ್ ಗುಂಪುಗಳು ಬೆಳೆದು, ಊರೂರಿಗೆ ತಂಡದ ಬೆನ್ನು ಹಿಡಿದು ಹೋಗತೊಡಗಿದವು.

2018ರ ಜೂನ್‌ನಲ್ಲಿ ಛೆಟ್ರಿ ಮಾಡಿಕೊಂಡ ಮನವಿಯನ್ನೂ ಇದೇ ಸಾಲಿನಲ್ಲಿ ನೋಡಬೇಕು. ಮುಂಬೈಯಲ್ಲಿ ಭಾರತ ಚೈನೀಸ್ ತೈಪೆಯನ್ನು 5–0ಯಿಂದ ಸೋಲಿಸಿದ ಪಂದ್ಯಕ್ಕೆ ಬಂದಿದ್ದವರು ಎರಡೂವರೆ ಸಾವಿರದಷ್ಟು ಜನ. ಬೈಯಲಾದರೂ ಟೀಕಿಸಲಾದರೂ ಸರಿ, ಮೈದಾನಕ್ಕೇ ಬನ್ನಿ ಎಂದು ಛೆಟ್ರಿ ವಿಡಿಯೊದಲ್ಲಿ ಕೇಳಿಕೊಂಡರು. ಕೆನ್ಯಾ ಎದುರಿನ ಮುಂದಿನ ಪಂದ್ಯದ ಟಿಕೆಟ್‌ಗಳೆಲ್ಲ ಮಾರಾಟವಾದವು.

ಕಂಠೀರವದ ಸೋಲಿಗೆ ಸರಿಯಾಗಿ ಒಂದು ವರ್ಷ ತುಂಬಿದ ದಿನ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಮತ್ತೊಂದು ಫೈನಲ್. ಗೋವಾ ಎದುರು ಗೋಲಿಲ್ಲದೆ ಸಾಗಿದ ಪಂದ್ಯದ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಹಾಕಿದ ಗೋಲು ಬೆಂಗಳೂರನ್ನು ಚಾಂಪಿಯನ್ ಮಾಡಿತು. ಆ ಗೋಲು ಬಂದದ್ದು ಕಾರ್ನರ್‌ನಿಂದ! ಹಿಂದಿನ ವರ್ಷ ಮೈಲ್ಸನ್ ಆಲ್ವೆಸ್ ಎರಡು ಸಲ ಕಲಿಸಿಹೋದ ಪಾಠ.

ಆದರೆ ಕೂದಲೆಳೆಯ ಸೋಲು ಬೆನ್ನು ಬಿಡಲಿಲ್ಲ. 2023ರ ಮಾರ್ಚ್ 18ರಂದು ಫತೋರ್ಡಾದಲ್ಲಿ 2–2 ಸಮಬಲದ ನಂತರ ಪೆನಾಲ್ಟಿಯಲ್ಲಿ ಎಟಿಕೆ ಮೋಹನ್ ಬಾಗಾನ್‌ಗೆ ಕಪ್ ಹೋಯಿತು. 2025ರ ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ನಡೆದ ಫೈನಲ್‌ನಲ್ಲಿ ಮುಂದಿದ್ದ ಬೆಂಗಳೂರು, ಹೆಚ್ಚುವರಿ ಸಮಯದಲ್ಲಿ ಮೋಹನ್ ಬಾಗಾನ್‌ನ ಜೇಮಿ ಮೆಕ್ಲಾರೆನ್ ಹೊಡೆದ ಗೋಲಿಗೆ 1–2ರಿಂದ ಶರಣಾಯಿತು.

ಅದಕ್ಕಿಂತ ಕಠಿಣ ಪೆಟ್ಟು ಮೈದಾನದ ಹೊರಗೆ ಬಿತ್ತು. ಲೀಗ್ ನಡೆಸುವ ಒಪ್ಪಂದ ಬಗೆಹರಿಯದೆ, 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಸಂಬಳ ತಡೆಹಿಡಿದಿರುವುದಾಗಿ ಪ್ರಕಟಿಸಿತು. ಚೆನ್ನೈಯಿನ್ ಕೂಡ ಅದೇ ಹಾದಿ ಹಿಡಿಯಿತು. ಹತ್ತು ಹನ್ನೆರಡು ವರ್ಷಗಳ ಹಾಡು, ಪ್ರಯಾಣ, ಕಣ್ಣೀರಿನಿಂದ ಜನ ಕಟ್ಟಿದ್ದು ಒಂದು ಕಾಗದದ ಸಹಿಗೆ ಕಾಯುತ್ತ ಕೂರಬೇಕಾಯಿತು. ಗೋಲಿನ ಸೋಲನ್ನು ಅಭಿಮಾನಿ ತಾಳಿಕೊಳ್ಳಬಲ್ಲ, ಆಟವೇ ನಿಂತುಹೋಗುವುದನ್ನು ಅವನ ಮೇಲೆ ಹೇರುವುದು ಅನ್ಯಾಯ. ಲೀಗ್ ನಡೆಸುವವರು ಮೊದಲು ಕೂಡಿಸಬೇಕಾದ ಲೆಕ್ಕ ಅವನದು.

ಬೆಂಗಳೂರು ಮತ್ತು ಚೆನ್ನೈಯಿನ್ ಮತ್ತೆ ಎದುರಾದಾಗ, ಕಂಠೀರವದ ಹತ್ತಿರ ಇರುವವರು ವೆಸ್ಟ್ ಬ್ಲಾಕ್‌ನ ಟಿಕೆಟ್ ಕೊಳ್ಳಿ. ವೇಲಚೇರಿ, ತರಮಣಿ ಕಡೆ ನೌಕರಿಯಲ್ಲಿರುವ ಕನ್ನಡಿಗರು ನೆಹರೂ ಕ್ರೀಡಾಂಗಣದಲ್ಲಿ ನಮ್ಮ ತಂಡಕ್ಕೆ ಕೂಗು ಹಾಕಲು ಹೋಗಿ, ಪಕ್ಕದ ಚೆನ್ನೈ ಗೆಳೆಯನನ್ನೂ ಕರೆದುಕೊಂಡು ಹೋಗಿ. ತಂಡ ಒಂದು ಗೋಲು ಹಿಂದಿದ್ದರೂ ರೆಫರಿಯ ಕಡೆಯ ಸೀಟಿ ಕೇಳುವವರೆಗೆ ಜಾಗ ಬಿಟ್ಟು ಏಳಬೇಡಿ.